ಕಲ್ಲುದೋಣಿ ಉಂಡ ರೊಟ್ಟಿ

ವರ್ಲೀನ್ ಸೋಬ್ಚಾಕ್ ದೋಣಿಯನ್ನು ದಡಕ್ಕೆ ತರುವುದನ್ನು ನೋಡಲೆಂದೇ ನಮ್ಮ ಹೆರಿಂಗ್ ಪಾಯಿಂಟಿನ ಮುದುಕರು ಸಂಜೆ ಹೊತ್ತು ಧಕ್ಕೆಯ ಬೆಂಚಿನ ಮೇಲೆ ಬಂದು ಕೂರುತ್ತಾರೆ. ಬೇರೆಯವರು ಹಿಂದೆ ಮುಂದೆ ಒದ್ದಾಡಿ, ಹಗ್ಗ ಎಸೆದು, ಹೆಂಡತಿಗೆ ಬೈದು ದೋಣಿ ಕಟ್ಟುವ ಜಾಗಕ್ಕೆ ಅವಳು ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಬಂದು ನಿಲ್ಲುತ್ತಾಳೆ. ದೋಣಿ ಕಂಬಕ್ಕೆ ತಾಗಿದ್ದು ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ. "ಇಳೀರಿ, ಊರು ಬಂತು," ಎಂದು ಅವಳು ಕೂಗಿದಾಗಲೇ ಗೊತ್ತು.

ಅದು ತಳಕ್ಕೆ ಗಾಜು ಕೂರಿಸಿದ ದೋಣಿ. ಹೆಸರು ಹೆಲೆನ್, ಅವಳ ತಾಯಿಯ ಹೆಸರು. "ಅಮ್ಮನ ಹಾಗೇ ಅಗಲ, ನಿಧಾನ, ಯಾರ ಮಾತೂ ಕೇಳಲ್ಲ," ಎಂದು ವರ್ಲೀನಳೇ ಹೇಳುತ್ತಾಳೆ. ಅವಳ ಅಪ್ಪ, ಅಜ್ಜ ಎಲ್ಲರೂ ಹ್ಯೂರನ್ ಸರೋವರದಲ್ಲಿ ಬಲೆ ಬಿಟ್ಟು ಬದುಕಿದವರು. ಹದಿಮೂರು ತುಂಬುವ ಮೊದಲೇ ಅವಳಿಗೆ ಚುಕ್ಕಾಣಿ ಸಿಕ್ಕಿತ್ತು. ಮೀನು ಕಡಿಮೆಯಾಗಿ ಅಪ್ಪನ ಬಲೆಗಳು ಕೊಟ್ಟಿಗೆ ಸೇರಿದಾಗ ಅವಳು ಹೋಗಿ ಗಾಜಿನ ತಳದ ಹಳೆಯ ದೋಣಿಯೊಂದನ್ನು ಕೊಂಡು ತಂದಳು. ಊರೆಲ್ಲ ನಕ್ಕಿತ್ತು. ದೋಣಿಯ ತಳಕ್ಕೆ ಕಿಟಕಿ ಇಡುವವಳು ನಾಳೆ ಬಕೆಟ್ಟಿಗೆ ಬಾಗಿಲು ಇಡುತ್ತಾಳೆ ಎಂದು ನಕ್ಕವರಲ್ಲಿ ಅವಳ ಗಂಡ ಗೇಲನ್ ಕೂಡ ಒಬ್ಬ. ಈಗ ಅವನು ಅದೇ ದೋಣಿಯಲ್ಲಿ ಹಗ್ಗ ಹಿಡಿಯುತ್ತಾನೆ. ಅವನಿಗೆ ಬೇರೆ ಮನೆತನದ ಹೆಸರಿದ್ದರೂ ಊರು ಅವನನ್ನು ಗೇಲನ್ ಸೋಬ್ಚಾಕ್ ಎಂದೇ ಕರೆಯುತ್ತದೆ. ಅವನೂ ತಿದ್ದುವುದನ್ನು ಬಿಟ್ಟಿದ್ದಾನೆ.

ನಮ್ಮ ಕೊಲ್ಲಿಯ ತಳದಲ್ಲಿ ಮಲಗಿರುವ ಹಡಗುಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ. ಸಿಹಿನೀರು, ಅದೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನದು. ಮರ ತಿನ್ನುವ ಹುಳ ಅದರಲ್ಲಿ ಬದುಕುವುದಿಲ್ಲ. ನೂರು ವರ್ಷದ ಹಿಂದೆ ಮುಳುಗಿದ ಹಡಗಿನ ಹಲಗೆಯ ಮೇಲೆ ಬಡಗಿಯ ಉಳಿ ಗುರುತು ಇನ್ನೂ ಇರುತ್ತದೆ. ಮೊದಲೆಲ್ಲ ಊರಿನ ಅರ್ಧ ಮನೆಗಳಲ್ಲಿ ಬಾಗಿಲು ಬಡಿಯದಂತೆ ಅಡ್ಡ ಇಡುತ್ತಿದ್ದದ್ದು ಯಾವುದೋ ಹಡಗಿನ ರಾಟೆಯನ್ನೇ. ಸರ್ಕಾರ ಕೊಲ್ಲಿಯನ್ನು ಸಂರಕ್ಷಿತ ಜಾಗವೆಂದು ಗುರುತು ಮಾಡಿದ ಮೇಲೆ ಒಂದು ಮೊಳೆ ಎತ್ತುವ ಹಾಗಿಲ್ಲ, ಲಂಗರು ಇಳಿಸುವ ಹಾಗಿಲ್ಲ. ಪ್ರತಿ ಹಡಗಿನ ಮೇಲೂ ತೇಲುಬುರುಡೆ ಬಿಟ್ಟಿದ್ದಾರೆ. ಅದಕ್ಕೆ ದೋಣಿ ಕಟ್ಟಿ, ನೋಡಿ, ಬಿಚ್ಚಿಕೊಂಡು ಬರಬೇಕು.

ವರ್ಲೀನ್ ದಿನಕ್ಕೆ ಎರಡು ಸುತ್ತು ಜನರನ್ನು ಕರೆದೊಯ್ಯುತ್ತಾಳೆ. ಪ್ರತಿ ಸುತ್ತಿನಲ್ಲೂ ಕೊನೆಗೆ ನಿಲ್ಲುವುದು ಅಡಾ ಮೆರಿಲ್ ಹಡಗಿನ ಮೇಲೆ. ಅಲ್ಲಿ ನೀರು ಮೂರಾಳು ಆಳವೂ ಇಲ್ಲ. ಗಾಜಿನ ಕೆಳಗೆ ಅಗಲವಾದ ಮರದ ತೊಲೆಗಳು, ಅವುಗಳ ನಡುವೆ ಚೌಕ ಕಡಿದ ಬಿಳಿ ಕಲ್ಲಿನ ರಾಶಿ, ಸಂದಿಗಳಲ್ಲಿ ಆಡುವ ಮೀನುಗಳು. ವರ್ಲೀನ್ ಇಂಜಿನ್ ಆರಿಸಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಲು ತೊಡಗುತ್ತಾಳೆ.

ಸಾವಿರದ ಎಂಟುನೂರ ಎಂಬತ್ತೇಳರ ನವೆಂಬರ್. ಮೂರು ಕೂವೆಮರದ ಹಾಯಿಹಡಗು, ಒಳಗೆ ಗೋಧಿ. ಮೇಲೆ ಕೆಲಸದವರಾಗಿ ಪೋಲೆಂಡಿನಿಂದ ಬಂದ ಮೂವರು ಅಣ್ಣತಮ್ಮಂದಿರು: ವಾಲೆಂಟಿ, ಮಾರ್ಚಿನ್, ಎಲ್ಲರಿಗಿಂತ ಚಿಕ್ಕವನು ಇಗ್ನಾತ್ಸಿ. ಗಾಳಿ ಎದ್ದು ಹಡಗು ಮುಳುಗಿತು. ಸರಕಿನ ಕೋಣೆಯ ಬಾಯಿ ಮುಚ್ಚುವ ಹಲಗೆಯ ಮೇಲೆ ಅಣ್ಣಂದಿರು ತಮ್ಮನನ್ನು ಹತ್ತಿಸಿದರು. ಹಲಗೆ ಒಬ್ಬನನ್ನಷ್ಟೇ ಹೊರುತ್ತಿತ್ತು. ಇಗ್ನಾತ್ಸಿ ದಡ ಸೇರಿದ. ಮಾರನೆಯ ದಿನ ನೋಡಿದರೆ ನೀರಿನ ಮೇಲೆ ಮೂರು ಕೂವೆಮರಗಳ ತುದಿ ಮಾತ್ರ ನಿಂತಿತ್ತು. ಚಳಿಗಾಲದ ಮಂಜುಗಡ್ಡೆ ಅದನ್ನೂ ಮುರಿದು ಒಯ್ಯುವ ಮೊದಲು ಅವನು ಆ ಜಾಗದ ಗುರುತನ್ನು ಮನಸ್ಸಿನಲ್ಲಿ ಬರೆದುಕೊಂಡ. ನೀರಿನಿಂದ ದಡದ ಕಡೆ ನೋಡಿದಾಗ ಇಗರ್ಜಿಯ ಗೋಪುರ ಸುಣ್ಣದ ಗೂಡಿನ ಚಿಮಣಿಯ ನೆತ್ತಿ ಮೇಲೆ ಕೂರಬೇಕು. ದೀಪಸ್ತಂಭ ದ್ವೀಪದ ಮೂಗು ಸವರಬೇಕು. ಈ ಎರಡೂ ಒಟ್ಟಿಗೆ ಆದ ಜಾಗದಲ್ಲಿ ಕೆಳಗೆ ಅಣ್ಣಂದಿರು. ನಮ್ಮ ಮೀನುಗಾರರು ನೀರಿನ ಮೇಲೆ ಜಾಗ ಹಿಡಿಯುತ್ತಿದ್ದುದೇ ಹಾಗೆ. ಇಗ್ನಾತ್ಸಿ ಆ ಮಾತನ್ನು ಮಗನಿಗೆ ಹೇಳಿದ, ಮಗ ತನ್ನ ಮಕ್ಕಳಿಗೆ ಹೇಳಿದ. "ನಾನು ಅವನ ಮರಿಮಗಳು," ಎಂದು ವರ್ಲೀನ್ ಟೋಪಿ ಹಾಕಿಕೊಳ್ಳುತ್ತಾಳೆ. ಆ ಹೊತ್ತಿಗೆ ಗಾಜಿನ ಮೇಲೆ ಬಗ್ಗಿದ ಹೆಂಗಸರಲ್ಲಿ ಯಾರಾದರೊಬ್ಬರು ಕಣ್ಣೊರೆಸಿಕೊಳ್ಳುತ್ತಿರುತ್ತಾರೆ.

"ಗೋಧಿ ಎಲ್ಲಿ ಹೋಯ್ತು?" ಎಂದು ಯಾರಾದರೂ ಕೇಳಿದರೆ, "ಮೀನು ತಿಂತು," ಎನ್ನುತ್ತಾಳೆ. "ಕಲ್ಲು?" "ಹಡಗು ಸ್ಥಿರವಾಗಿರಲಿ ಅಂತ ಹಾಕಿದ್ದ ಭಾರ." ಉತ್ತರ ಯಾವಾಗಲೂ ಸಿದ್ಧ.

ಆಗಸ್ಟಿನಲ್ಲಿ ಮಾತೆ ಮರಿಯಮ್ಮನ ಹಬ್ಬದ ದಿನ ಊರಿನವರೆಲ್ಲ ಹೊಲದ ಅಂಚಿನ ಗಿಡಮೂಲಿಕೆ, ಗೋಧಿ ತೆನೆ, ಹೂವು ಸೇರಿಸಿ ಕಟ್ಟು ಕಟ್ಟಿ ಇಗರ್ಜಿಯಲ್ಲಿ ಪಾದ್ರಿಯಿಂದ ಪವಿತ್ರಜಲ ಹಾಕಿಸಿಕೊಳ್ಳುತ್ತಾರೆ. ಸೋಬ್ಚಾಕ್ ಮನೆಯವರು ಒಂದು ಕಟ್ಟು ಹೆಚ್ಚಿಗೆ ಕಟ್ಟುತ್ತಾರೆ. ಅದಕ್ಕೊಂದು ಇಡೀ ರೈ ಧಾನ್ಯದ ರೊಟ್ಟಿ, ದಪ್ಪಗೆ ದುಂಡಗೆ ಬೇಯಿಸಿದ್ದು, ಜೊತೆಗೆ ಮುಳುಗಲೆಂದು ಹೊಲದ ಕಲ್ಲೊಂದನ್ನು ಹತ್ತಿ ದಾರದಲ್ಲಿ ಬಿಗಿದು ಹಡಗಿನ ಮೇಲೆ ಇಳಿಬಿಡುತ್ತಾರೆ. ರೊಟ್ಟಿ ಬೇಯಿಸುವವಳು, ಇಳಿಬಿಡುವವಳು ವರ್ಲೀನಳ ಸೋದರತ್ತೆ ಬ್ರೋನ್ಯಾ. ಮನೆಯವರ ಬಾಯಲ್ಲಿ ಅವಳು ಚೋಚಾ, ಪೋಲಿಷ್ ಮಾತಿನಲ್ಲಿ ಅತ್ತೆ. ಚೋಚಾಗೆ ತೊಂಬತ್ತು ದಾಟಿದೆ. ಈ ಸಲ ದೋಣಿ ಹತ್ತಿದರೆ ಅದೇ ಕೊನೆ ಎಂದು ವೈದ್ಯರೂ ಹೇಳಿದ್ದರು, ಅವಳ ಮೊಣಕಾಲೂ ಹೇಳಿತ್ತು.

ಆ ವರ್ಷ ಹಬ್ಬ ಗುರುವಾರ. ಸೋಮವಾರ ಮಧ್ಯಾಹ್ನ ವರ್ಲೀನ್ ಗಾಜು ಒರೆಸುತ್ತಿದ್ದಾಗ ಮಾರೆನ್ ಧಕ್ಕೆಗೆ ಬಂದಳು. ಮಾರೆನ್ ಸಂರಕ್ಷಿತ ಜಾಗದ ಕಚೇರಿಯವಳು, ನೀರಡಿಯ ಶೋಧ ಮಾಡುವ ತಂಡದ ಮುಖ್ಯಸ್ಥೆ. ನಮ್ಮೂರಿಗೆ ಬಂದು ಎಂಟೇ ವರ್ಷವಾಗಿದ್ದರಿಂದ ಇನ್ನೂ ಹೊಸಬಳು.

"ವರ್ಲೀನ್, ಒಂದು ನಿಮಿಷ ಕೂತ್ಕೊಂಡು ಮಾತಾಡೋಣ್ವಾ?"

"ಕೂತ್ಕೊಂಡು ಕೇಳಿದ ಸುದ್ದಿ ನನಗೆ ಯಾವತ್ತೂ ಒಳ್ಳೇದಾಗಿಲ್ಲ. ನಿಂತೇ ಹೇಳು."

"ಅಡಾ ಮೆರಿಲ್ ಸಿಕ್ತು."

"ಕಳೆದುಹೋಗಿತ್ತಾ? ನಾನು ದಿನಾ ಎರಡು ಸಲ ನೋಡ್ತೀನಲ್ಲಮ್ಮಾ."

ಮಾರೆನ್ ನಗಲಿಲ್ಲ. ಫೋನು ಮುಂದೆ ಹಿಡಿದಳು. ಕಡುನೀಲಿ ನೀರಿನಲ್ಲಿ ಒಂದು ಹಡಗಿನ ಹಿಂಬದಿಯ ಹಲಗೆ, ಅದರ ಮೇಲೆ ಕೆತ್ತಿದ ಅಕ್ಷರಗಳು. ಅಡಾ ಮೆರ್ ಎಂಬಷ್ಟು ಓದಬಹುದಿತ್ತು, ಉಳಿದದ್ದನ್ನು ಚಿಪ್ಪುಗಳು ಮುಚ್ಚಿದ್ದವು. ಹಡಗು ಇದ್ದದ್ದು ಒಂದೂವರೆ ಮೈಲಿ ಆಚೆ, ಹದಿನಾರು ಆಳು ಆಳದಲ್ಲಿ, ನೆಟ್ಟಗೆ ಕೂತು.

ವರ್ಲೀನ್ ತುಂಬಾ ಹೊತ್ತು ನೋಡಿದಳು.

"ಗೋಧಿ ಇದೆಯಾ?"

"ಇದೆ. ರಾಶಿ ಹಾಗೇ ಇದೆ."

"ಮತ್ತೆ ಇದು? ನಮ್ಮದು?"

"ಕಲ್ಲು ಸಾಗಿಸ್ತಿದ್ದ ಚಪ್ಪಟೆ ದೋಣಿ. ಹೆಸರು ಗೊತ್ತಿಲ್ಲ. ಆಳ ಕಡಿಮೆ, ದಡ ಹತ್ತಿರ. ಯಾರೂ ಸತ್ತಿರಲಾರರು."

"ಭಾರಕ್ಕೆ ಹಾಕಿದ ಕಲ್ಲು ಅಂತಿದ್ದೆ."

"ಭಾರಕ್ಕೆ ಅಷ್ಟು ಹಾಕಿದ್ರೆ ಯಾವ ಹಡಗು ತೇಲುತ್ತೆ, ವರ್ಲೀನ್? ಅದಕ್ಕೇ ನಾವು ಬೋರ್ಡಿನಲ್ಲಿ ‘ಇದು ಅಡಾ ಮೆರಿಲ್ ಎಂದು ಊರವರು ನಂಬುತ್ತಾರೆ’ ಅಂತ ಹಾಕಿದ್ದು."

"ಓದಿದ್ದೀನಿ. ಊರವರಿಗೆ ಮರ್ಯಾದೆ ಕೊಟ್ಟಿದ್ದೀರಿ ಅನ್ಕೊಂಡಿದ್ದೆ."

ಮಾರೆನ್ ತಲೆ ತಗ್ಗಿಸಿದಳು. "ಮುಂದಿನ ವಾರ ಪತ್ರಿಕೆಗೆ ಹೋಗುತ್ತೆ. ಗುರುವಾರಕ್ಕೆ ಮೊದಲು ನಿನಗೆ ಗೊತ್ತಿರಲಿ ಅಂತ ಓಡಿ ಬಂದೆ."

"ಒಳ್ಳೇದು ಮಾಡಿದೆ," ಎಂದು ವರ್ಲೀನ್ ಮತ್ತೆ ಗಾಜು ಒರೆಸತೊಡಗಿದಳು. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದಳು.

ಅವತ್ತಿನ ಎರಡನೆಯ ಸುತ್ತಿನಲ್ಲಿ ಅವಳು ಆ ಜಾಗದಲ್ಲಿ ನಿಲ್ಲಿಸಲೇ ಇಲ್ಲ. ಗಾಳಿ ಸರಿಯಿಲ್ಲವೆಂದಳು. ಸರೋವರ ಅವತ್ತು ತಟ್ಟೆಯಲ್ಲಿ ಹಾಲು ಹೊಯ್ದ ಹಾಗಿತ್ತು.

ಮನೆಯಲ್ಲಿ ಗೇಲನ್ ಹೊಗೆಮೀನು ಬಿಡಿಸುತ್ತಾ ಎಲ್ಲವನ್ನೂ ಕೇಳಿ, "ಈ ವರ್ಷ ಸುಮ್ನಿದ್ದುಬಿಡು," ಎಂದ. "ಚೋಚಾಗೆ ಇದು ಕೊನೇ ಸಲ. ಕಣ್ಣಿಗೆ ಕಾಣೋ ಹಡಗಿನ ಮೇಲೆ ರೊಟ್ಟಿ ಹಾಕಿ ಸಮಾಧಾನವಾಗಿ ಮನೆಗೆ ಬರ್ಲಿ. ಅಲ್ಲಿ ಆಚೆ ಕರ್ಕೊಂಡು ಹೋದ್ರೆ ಏನು ಕಾಣುತ್ತೆ? ಹದಿನಾರು ಆಳು. ಗಾಜಿನಲ್ಲಿ ಅವಳ ಮುಖ ಅವಳಿಗೇ ಕಾಣುತ್ತೆ, ಅಷ್ಟೇ."

"ಗೊತ್ತು."

"ಮತ್ತಿನ್ನೇನು?"

"ಇಗ್ನಾತ್ಸಿ ಅಜ್ಜ ತಪ್ಪು ಹೇಳಿದ್ನಾ, ಗೇಲನ್? ಅಣ್ಣಂದಿರು ಸತ್ತ ಜಾಗ ಅವನಿಗೇ ಸರಿಯಾಗಿ ಗೊತ್ತಿರಲಿಲ್ವಾ? ಇಲ್ಲಾ ಸುಮ್ನೆ ಒಂದು ಕತೆ ಕಟ್ಟಿದ್ನಾ?"

ಗೇಲನ್ ಮೀನಿನ ಮುಳ್ಳು ತೆಗೆಯುವುದನ್ನು ನಿಲ್ಲಿಸಿದ. ಇಷ್ಟು ವರ್ಷದಲ್ಲಿ ಹೆಂಡತಿ ಅವನ ಅಭಿಪ್ರಾಯ ಕೇಳಿದ್ದು ಅಪರೂಪ. ಬಿಡಿಸಿದ ತುಂಡನ್ನು ಅವಳ ತಟ್ಟೆಗೆ ಹಾಕಿ, "ಮೀನು ತಿನ್ನು," ಎಂದ.

ಮಂಗಳವಾರ ಬೆಳಿಗ್ಗೆ ವರ್ಲೀನ್ ಹಬ್ಬದ ಕಟ್ಟಿಗೆ ಸೊಪ್ಪು ಕೊಯ್ಯಲು ಹಳೆಯ ಸ್ಮಶಾನಕ್ಕೆ ಹೋದಳು. ಅವಳ ಅಮ್ಮನೂ ಅಲ್ಲಿಯೇ ಇದ್ದಾಳೆ. ಅಲ್ಲಿನ ಬೇಲಿ ಸಾಲಿನಲ್ಲಿ ಬೆಳೆಯುವ ಹಳದಿ ಹೂವಿನ ಗಿಡ ಬೇರೆ ಕಡೆ ಅಷ್ಟು ಸೊಂಪಾಗಿ ಬರುವುದಿಲ್ಲ. ಬಗ್ಗಿ ಕೊಯ್ಯುತ್ತಾ ಕೊಯ್ಯುತ್ತಾ ಹಿಂದೆ ಸರಿದವಳ ಹಿಮ್ಮಡಿಗೆ ಕಲ್ಲು ತಾಗಿತು. ಹುಲ್ಲು ಮುಚ್ಚಿದ ಮೆಟ್ಟಿಲು. ಚಿಕ್ಕಂದಿನಲ್ಲಿ ಎಲ್ಲರೂ ಅದರ ಮೇಲೆ ಕುಣಿದವರೇ. ಅದು ಸುಟ್ಟುಹೋದ ಇಗರ್ಜಿಯ ಮೆಟ್ಟಿಲು ಎಂಬುದೂ ಎಲ್ಲರಿಗೂ ಗೊತ್ತು. ಸಾವಿರದ ಒಂಬೈನೂರ ಹನ್ನೊಂದರಲ್ಲಿ ಅದಕ್ಕೆ ಬೆಂಕಿ ಬಿತ್ತು. ಹೊಸದನ್ನು ತೊರೆಯಾಚೆ ದಿಬ್ಬದ ಮೇಲೆ ಕಟ್ಟಿದರು. ಸತ್ತವರನ್ನು ಎಬ್ಬಿಸಿಕೊಂಡು ಹೋಗುವ ಹಾಗಿಲ್ಲವಲ್ಲ, ಸ್ಮಶಾನ ಇಲ್ಲೇ ಉಳಿಯಿತು.

ವರ್ಲೀನ್ ಮೆಟ್ಟಿಲ ಮೇಲೆ ನಿಂತು ಸರೋವರದ ಕಡೆ ನೋಡಿದಳು. ಮರಗಳ ನಡುವೆ ಸುಣ್ಣದ ಗೂಡಿನ ಹಳೆಯ ಚಿಮಣಿ ನಿಂತಿತ್ತು. ಚಿಮಣಿ ಇದ್ದಲ್ಲೇ ಇದೆ. ದೀಪಸ್ತಂಭ ಇದ್ದಲ್ಲೇ ಇದೆ. ದ್ವೀಪ ಎಲ್ಲಿಗೆ ಹೋಗುತ್ತದೆ! ಇಗ್ನಾತ್ಸಿ ಸತ್ತದ್ದು ಬೆಂಕಿಗೆ ಎರಡು ವರ್ಷ ಮೊದಲು. ಅವನ ಮಗ ಆಗ ಸರಕು ಹಡಗಿನಲ್ಲಿ ಅಡಿಗೆಯವನ ಕೈಕೆಳಗೆ ಕೆಲಸಕ್ಕೆ ಹೋಗಿದ್ದವನು, ಊರಿಗೆ ಮರಳಿದ್ದು ಎಷ್ಟೋ ವರ್ಷದ ಮೇಲೆ. ಅಪ್ಪ ಹೇಳಿದ ಮಾತು ಅವನ ಬಾಯಲ್ಲಿತ್ತು. ಕಣ್ಣಿಗೆ ಕಂಡದ್ದು ಹೊಸ ಗೋಪುರ. ಆ ಗೋಪುರವನ್ನು ಚಿಮಣಿಯ ಮೇಲೆ ಕೂರಿಸಿಕೊಂಡು ಹೋದ. ಅಲ್ಲೊಂದು ಮುಳುಗಿದ ದೋಣಿಗೆ ಬಲೆಯೂ ಸಿಕ್ಕಿಕೊಂಡಿತು. ಸಿಕ್ಕಿತು ಹಡಗು ಎಂದುಕೊಂಡ. ನಮ್ಮ ಕೊಲ್ಲಿಯಲ್ಲಿ ಎಲ್ಲಿ ಬಲೆ ಬಿಟ್ಟರೂ ಯಾವುದಾದರೊಂದು ಸಿಕ್ಕಿಕೊಳ್ಳುತ್ತದೆ.

ಅವಳು ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. ಗೇಲನ್ ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕ.

"ಉದ್ದ ಏಣಿ ಲಾರಿ ತಗೊಂಡು ಹಳೇ ಸ್ಮಶಾನಕ್ಕೆ ಬಾ."

"ಬೆಂಕಿ ಬಿದ್ದಿದೆಯಾ?"

"ಬಿದ್ದಿತ್ತು. ಹನ್ನೊಂದರಲ್ಲಿ."

"ಈಗಿನ್ನೂ ಒಂಬತ್ತೂವರೆ, ವರ್ಲೀನ್."

"ಸಾವಿರದ ಒಂಬೈನೂರ ಹನ್ನೊಂದು ಕಣಯ್ಯಾ. ಬರ್ತಾ ನಿನ್ನ ಜಿಂಕೆ ಬೇಟೆ ಕೋಟು ತಗೊಂಡು ಬಾ, ಆ ಕಿತ್ತಳೆ ಬಣ್ಣದ್ದು."

ಲಾರಿ ಸ್ಮಶಾನದೊಳಗೆ ಹೋದದ್ದನ್ನು ಕಂಡ ಅರ್ಧ ಊರು ಓಡಿತು. ಬೆಂಕಿ ಎಲ್ಲೂ ಇರಲಿಲ್ಲ. ಹುಲ್ಲಿನ ಮೆಟ್ಟಿಲ ಪಕ್ಕ ಏಣಿ ಮುಗಿಲಿಗೆ ಎದ್ದಿತ್ತು, ಅದರ ತುದಿಯಲ್ಲಿ ಗೇಲನ್. ಸುಟ್ಟುಹೋದ ಗೋಪುರದ ಬದಲಿಗೆ ಒಂದು ಕೈಯಲ್ಲಿ ಉದ್ದ ಕೋಲಿಗೆ ಸಿಕ್ಕಿಸಿದ ಕಿತ್ತಳೆ ಕೋಟು, ಇನ್ನೊಂದರಲ್ಲಿ ಫೋನು. ಕೆಳಗೆ ನಿಂತ ನಮಗೆ ಅವನ ಮಾತೆಲ್ಲ ಕೇಳುತ್ತಿತ್ತು.

"ಕಾಣುತ್ತಾ?"

ಸರೋವರದಿಂದ ವರ್ಲೀನಳ ದನಿ ಫೋನು ಒಡೆಯುವಂತೆ ಬಂತು. "ಕೋಲು ನೆಟ್ಟಗೆ ಹಿಡಿ! ಗೋಪುರ ಎಲ್ಲಾದ್ರೂ ಓಲಾಡುತ್ತಾ?"

"ಗೋಪುರಕ್ಕೆ ಅರವತ್ತಾರು ವರ್ಷ, ಸೊಂಟ ನೋವು!"

"ಪಾದ್ರಿಗಳು ನೋಡಿದ್ರೆ ನಿನ್ನ ಮೇಲೇ ಗಂಟೆ ಕಟ್ತಾರೆ, ಗೇಲನ್!" ಎಂದು ಕೆಳಗಿನಿಂದ ಯಾರೋ ಕೂಗಿದರು.

ವರ್ಲೀನ್ ದೋಣಿಯಲ್ಲಿ ಒಬ್ಬಳೇ ಇದ್ದಳು. ಮಾರೆನ್ ಹೇಳಿದ ದಿಕ್ಕಿನತ್ತ ನೋಡಬಾರದೆಂದು ಬೆನ್ನು ತಿರುಗಿಸಿಯೇ ನಿಂತಿದ್ದಳಂತೆ. ಬಲಗಣ್ಣಿಗೆ ದೀಪಸ್ತಂಭ, ದ್ವೀಪದ ಮೂಗು. ಆ ಸಾಲು ಬಿಡದೆ ನಿಧಾನವಾಗಿ ಆಚೆಗೆ ಆಚೆಗೆ ಹೋದಳು. ದುರ್ಬೀನಿನಲ್ಲಿ ಕೋಟು ಚಿಮಣಿಯಿಂದ ಒಂದು ಬೆರಳು ಆಚೆ ಇತ್ತು. ಅರ್ಧ ಬೆರಳಾಯಿತು. ಆಮೇಲೆ ಕಿತ್ತಳೆ ಚುಕ್ಕೆ ಮೆಲ್ಲಗೆ ಸರಿದು ಚಿಮಣಿಯ ನೆತ್ತಿ ಮೇಲೆ, ಬತ್ತಿಗೆ ಉರಿ ಹತ್ತಿದ ಹಾಗೆ, ಕೂತಿತು.

ಅವಳು ಇಂಜಿನ್ ಆರಿಸಿ ತಿರುಗಿ ನೋಡಿದಳು. ಮಾರೆನಳ ತಂಡದ ದೋಣಿ ಅಲ್ಲೇ ನಿಂತಿತ್ತು. ಮುಳುಗಿ ಎದ್ದ ಈಜುಗಾರ್ತಿಯೊಬ್ಬಳು ಅಂಚಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ವಾಸನೆ ಬರುವಷ್ಟು ಹತ್ತಿರ.

"ಏನು ವರ್ಲೀನ್, ದಾರಿ ಹೇಗೆ ಸಿಕ್ತು?" ಎಂದು ಮಾರೆನ್ ಕೂಗಿದಳು. ಜಾಗದ ಸರಿಯಾದ ಗುರುತನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ.

"ನಮ್ಮಜ್ಜ ಹೇಳಿಕೊಟ್ಟ!"

ಮಾರೆನ್ ದೋಣಿ ಬದಲಿಸಿ ಹೆಲೆನ್‌ಗೆ ಬಂದಳು. ವರ್ಲೀನ್ ದುರ್ಬೀನು ಅವಳ ಕೈಗಿಟ್ಟು, ಚಿಮಣಿ ತೋರಿಸಿ, ಕೋಟು ತೋರಿಸಿ, ಬೆಂಕಿಯ ಕತೆ ಹೇಳಿದಳು. ಮಾರೆನ್ ಜೋರಾಗಿ ನಕ್ಕು, ಅವಳನ್ನು ಅಪ್ಪಿಕೊಂಡು, "ಇದನ್ನ ನೀನೇ ಪತ್ರಿಕೆಯವರಿಗೆ ಹೇಳ್ಬೇಕು," ಎಂದಳು. "ಹಡಗು ನಾವು ಹುಡುಕಿದ್ವಿ. ಅದು ಯಾಕೆ ಕಳೆದಿತ್ತು ಅಂತ ಕಂಡುಹಿಡಿದವಳು ನೀನು."

ಫೋನಿನಲ್ಲಿ ಗೇಲನ್ ಇನ್ನೂ ಇದ್ದ. "ಇಳೀಲಾ? ಇಲ್ಲಾ ಹೊಸ ಇಗರ್ಜಿ ಕಟ್ಟೋವರೆಗೂ ಇಲ್ಲೇ ಇರ್ಲಾ?"

ಅಲ್ಲಿಗೆ ವರ್ಲೀನಳ ಅರ್ಧ ಭಾರ ಇಳಿದಿತ್ತು. ಅಜ್ಜ ಸುಳ್ಳು ಹೇಳಿರಲಿಲ್ಲ. ಇನ್ನರ್ಧ ಭಾರ ಚೋಚಾಳ ಅಡಿಗೆಮನೆಯಲ್ಲಿತ್ತು.

ಬುಧವಾರ ಅವಳು ಹೋದಾಗ ಚೋಚಾ ಮೇಜಿನ ಮುಂದೆ ಕೂತು ರೈ ಹಿಟ್ಟು ನಾದುತ್ತಿದ್ದಳು. ಒಲೆಯ ಮೇಲೆ ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು ಕುದಿಯುತ್ತಿತ್ತು.

"ಚೋಚಾ, ನಿನಗೊಂದು ವಿಷಯ ಹೇಳ್ಬೇಕು."

"ಯಾರು ಸತ್ರು?"

"ಯಾರೂ ಸತ್ತಿಲ್ಲ."

"ಹಾಗಾದ್ರೆ ಕೈ ತೊಳ್ಕೊಂಡು ಬಂದು ನಾದು. ನಾದ್ತಾ ಹೇಳು. ನನ್ನ ಬೆರಳು ಸತ್ತಿದೆ."

ವರ್ಲೀನ್ ನಾದುತ್ತಾ ಎಲ್ಲ ಹೇಳಿದಳು. ಮಾರೆನ್ ತೋರಿಸಿದ ಹಲಗೆ, ಹಳೆಯ ಮೆಟ್ಟಿಲು, ಏಣಿ, ಕೋಟು. ಚೋಚಾ ಹಿಟ್ಟಿನ ಕಡೆಯೇ ನೋಡುತ್ತಿದ್ದಳು.

"ಅಂದ್ರೆ ಎಂಟು ವರ್ಷದವಳಿದ್ದಾಗಿಂದ ನಾನು ರೊಟ್ಟಿ ಹಾಕ್ತಿರೋದು ಯಾರಿಗೆ?"

"ಒಂದು ಕಲ್ಲುದೋಣಿಗೆ."

"ಅದ್ರಲ್ಲಿ ಯಾರೂ ಇಲ್ವಾ?"

"ಇದ್ದೋರು ನಡ್ಕೊಂಡೇ ದಡಕ್ಕೆ ಹೋಗಿರ್ಬೇಕು."

"ಅಳ್ತಾ ಅಳ್ತಾ ಹಾಕಿದ್ದೀನಲ್ಲೇ! ಒಂದ್ಸಲ ಮೂರ್ಛೆ ಬೇರೆ ಹೋಗಿದ್ದೆ."

"ಅದು ಬಿಸಿಲಿಗೆ ಅಂತ ಅಪ್ಪ ಹೇಳ್ತಿದ್ರು."

"ನಿಮ್ಮಪ್ಪ ಎಲ್ಲಾದಕ್ಕೂ ಬಿಸಿಲು ಅಂತಿದ್ದ." ಚೋಚಾ ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡಳು.

"ಸರಿಯಾದ ಜಾಗದಲ್ಲಿ ಏನೂ ಕಾಣಲ್ಲ, ಚೋಚಾ," ವರ್ಲೀನ್ ಮೆಲ್ಲಗೆ ಹೇಳಿದಳು. "ಅಲ್ಲಿ ಬರೀ ಕಪ್ಪು ನೀರು. ಈ ಸಲ ನಿನಗೆ ಹಳೇ ಜಾಗಾನೇ ಬೇಕು ಅಂದ್ರೆ ಅಲ್ಲೇ ನಿಲ್ಲಿಸ್ತೀನಿ. ಯಾರೂ ಏನೂ ಅನ್ನಲ್ಲ. ಆದ್ರೆ ಗೊತ್ತಿಲ್ದೆ ನೀನು ಹಾಕ್ಬಾರದು ಅನ್ನಿಸ್ತು."

"ಹಿಟ್ಟು ಉಬ್ಬಲಿ," ಎಂದಳು ಚೋಚಾ. "ಕಡುಬು ತಿಂದು ಹೋಗು."

ಅವಳು ಯಾವುದನ್ನು ಒಪ್ಪಿದಳೆಂದು ವರ್ಲೀನಳಿಗೆ ತಿಳಿಯಲಿಲ್ಲ. ಕಡುಬು ತಿಂದು ಬಂದಳು.

ಗುರುವಾರ ಪೂಜೆ ಮುಗಿದ ಮೇಲೆ ಮನೆಯವರೆಲ್ಲ ಹೆಲೆನ್ ಹತ್ತಿದರು. ಚೋಚಾಳನ್ನು ಗೇಲನ್ ಮತ್ತು ಇನ್ನೊಬ್ಬರು ಕುರ್ಚಿ ಸಮೇತ ಎತ್ತಿ ಗಾಜಿನ ಪಕ್ಕ ಇಟ್ಟರು. "ನಿಧಾನ ಕಣ್ರೋ, ನಾನು ಆಲೂಗಡ್ಡೆ ಮೂಟೆ ಅಲ್ಲ," ಎಂದಳು ಅವಳು. ತೊಡೆಯ ಮೇಲೆ ರೊಟ್ಟಿ, ಅದರ ಮೇಲೆ ಗೋಧಿ ತೆನೆಯ ಕಟ್ಟು, ಹೊಲದ ಕಲ್ಲು. ಹಡಗಿನ ವಿಷಯ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಏಣಿಯ ಸುದ್ದಿ ಮಾತ್ರ ಊರೆಲ್ಲ ಬಗೆಬಗೆಯಾಗಿ ಹಬ್ಬಿತ್ತು.

ಹಳೆಯ ತೇಲುಬುರುಡೆ ಹತ್ತಿರ ಬಂದಾಗ ವರ್ಲೀನ್ ವೇಗ ತಗ್ಗಿಸಿದಳು. ಗಾಜಿನ ಕೆಳಗೆ ತೊಲೆಗಳು ತೇಲಿ ಬಂದವು. ಬಿಳಿ ಕಲ್ಲುಗಳು ಬಂದವು. ನೀರು ಅವತ್ತು ಎಷ್ಟು ತಿಳಿಯಾಗಿತ್ತೆಂದರೆ ಕಲ್ಲಿನ ಮೇಲೆ ದೋಣಿಯ ನೆರಳು ಕೂಡ ಕಾಣುತ್ತಿತ್ತು. ಚೋಚಾ ಬಗ್ಗಿ ನೋಡಿದಳು. ಅವಳ ಬೆರಳುಗಳು ಗಾಜಿನ ಅಂಚನ್ನು ಸವರಿದವು. ವರ್ಲೀನಳ ಕೈ ಇಂಜಿನ್ನಿನ ಗುಂಡಿಯ ಮೇಲಿತ್ತು. ಅವಳು ಅದನ್ನು ಒತ್ತಲೂ ಇಲ್ಲ, ಬಿಡಲೂ ಇಲ್ಲ.

ಚೋಚಾ ತಲೆ ಎತ್ತಿದಳು. "ಯಾಕೇ ನಿಧಾನ ಮಾಡ್ದೆ? ಇಲ್ಲಿ ನಮ್ಮೋರು ಯಾರಿದ್ದಾರೆ?"

ವರ್ಲೀನ್ ಇಂಜಿನ್ನಿಗೆ ಜೀವ ಕೊಟ್ಟಳು. ತೇಲುಬುರುಡೆ ಹಿಂದೆ ಉಳಿಯಿತು. ದೊಡ್ಡಪ್ಪನ ಮಗ ಹಿಂದಿನಿಂದ, "ವರ್ಲೀನ್, ಹಡಗು ಬಿಟ್ಟು ಮುಂದೆ ಹೋಗ್ತಿದ್ದೀಯಾ. ಕನ್ನಡಕ ಬದಲಾಯಿಸು!" ಎಂದು ಕೂಗಿದ. ಅವಳು ಮೈಕು ಕೈಗೆತ್ತಿಕೊಂಡು, ಸಾವಿರಾರು ಸಲ ಹೇಳಿದ ಕತೆಯನ್ನೇ ಮೊದಲಿನಿಂದ ಹೇಳಿದಳು. ನವೆಂಬರ್, ಗಾಳಿ, ಮೂವರು ಅಣ್ಣತಮ್ಮಂದಿರು. ಗೋಪುರ ಚಿಮಣಿಯ ನೆತ್ತಿ ಮೇಲೆ ಕೂರಬೇಕು ಎಂಬಲ್ಲಿಗೆ ಬಂದಾಗ ಒಮ್ಮೆ ಉಸಿರು ತೆಗೆದುಕೊಂಡು ಉಳಿದದ್ದನ್ನು ಸೇರಿಸಿದಳು. "ಇಷ್ಟು ವರ್ಷ ನಾನು ನಿಮಗೆಲ್ಲ ಬೇರೆ ದೋಣಿ ತೋರಿಸಿದೆ. ಅ‍ಜ್ಜ ಹೇಳಿದ್ದು ಸರಿ ಇತ್ತು, ನಾವು ಬೇರೆ ಗೋಪುರ ನೋಡಿದ್ವಿ. ಈಗ ಸರಿಯಾದ ಜಾಗಕ್ಕೆ ಬಂದಿದ್ದೀವಿ. ಇಲ್ಲಿ ನಿಮಗೆ ಏನೂ ಕಾಣಲ್ಲ."

ಇಂಜಿನ್ ಆರಿತು. ಎಲ್ಲರೂ ಗಾಜಿನ ಮೇಲೆ ಬಗ್ಗಿದರು. ಕೆಳಗೆ ನೀಲಿ, ಅದರ ಕೆಳಗೆ ಇನ್ನೂ ಕಪ್ಪು ನೀಲಿ. ಕನ್ನಡಕದ ಮಾತಾಡಿದವನು ಟೋಪಿ ತೆಗೆದ. ಕಲ್ಲುದೋಣಿಯ ಮೇಲೆ ನಿಂತಾಗ ಮಕ್ಕಳು ಮೀನು ತೋರಿಸಿ ಕಿರುಚುತ್ತಿದ್ದವು. ಇಲ್ಲಿ ಒಂದು ಮಗುವೂ ಕಿರುಚಲಿಲ್ಲ.

ಗೇಲನ್ ಚೋಚಾಳ ಕುರ್ಚಿಯನ್ನು ದೋಣಿಯ ಅಂಚಿಗೆ ಸರಿಸಿದ. ಅವಳು ಎರಡೂ ಕೈಯಲ್ಲಿ ರೊಟ್ಟಿಯನ್ನು ನೀರಿಗೆ ಇಳಿಸಿ ಬಿಟ್ಟಳು. ಅದು ದೋಣಿಯಡಿಗೆ ಓರೆಯಾಗಿ ಜಾರಿ ಗಾಜಿನ ಕೆಳಗೆ ಬಂತು. ಕಂದು ಬಣ್ಣದ ದುಂಡು ರೊಟ್ಟಿ, ತಲೆಕೆಳಗಾದ ತೆನೆಗಳು, ಹಿಂದೆ ಗುಳ್ಳೆಗಳ ಸಾಲು. ಹಳೆಯ ಜಾಗದಲ್ಲಿ ರೊಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಿಗೆ ಬಡಿದು ಪಕ್ಕಕ್ಕೆ ಉರುಳುತ್ತಿತ್ತು. ಇಲ್ಲಿ ಅದು ಇಳಿಯುತ್ತಲೇ ಇತ್ತು. ತಟ್ಟೆಯಷ್ಟಿದ್ದದ್ದು ಬಟ್ಟಲಷ್ಟಾಯಿತು, ಅಂಗಿಯ ಗುಂಡಿಯಷ್ಟಾಯಿತು. ತೆನೆಯ ಹಳದಿ ಒಂದು ಕ್ಷಣ ಹೊಳೆದು ಹಸಿರಾಯಿತು, ನೀಲಿಯಾಯಿತು. ಇನ್ನೂ ಕಾಣುತ್ತಿದೆ ಎಂದು ಕೆಲವರು, ಇಲ್ಲ ಎಂದು ಕೆಲವರು ಪಿಸುಗುಟ್ಟುತ್ತಿದ್ದಂತೆ ಅದು ನೀರಿನಲ್ಲಿ ನೀರಾಗಿ ಹೋಯಿತು.

ಚೋಚಾ ಗಾಜಿನ ಕಡೆಗೆ ಬಗ್ಗಿ, ಪಕ್ಕದ ಮನೆಯವರನ್ನು ಕರೆಯುವ ದನಿಯಲ್ಲಿ ಹೇಳಿದಳು: "ವಾಲೆಂಟಿ, ಮಾರ್ಚಿನ್, ತಡ ಆಯ್ತು ಕಣ್ರಪ್ಪಾ. ಇವರು ಗೋಪುರ ಸರಿಸಿಬಿಟ್ಟಿದ್ರು."

ಆಮೇಲೆ ಎಲ್ಲರೂ ಪೋಲಿಷಿನಲ್ಲಿ ಪ್ರಾರ್ಥನೆ ಹೇಳಿದರು. ಗೊತ್ತಿಲ್ಲದವರು ಗೊತ್ತಿದ್ದವರ ಬಾಯಿ ನೋಡಿಕೊಂಡು ಹೇಳಿದರು. ಗೇಲನ್ ಹೋಗಿ ದೋಣಿಯ ಕಹಳೆ ಕೂಗಿಸಿದ, ಮೂರು ಉದ್ದ, ಎರಡು ಗಿಡ್ಡ. ಸರೋವರದ ಹಡಗುಗಳು ಒಂದಕ್ಕೊಂದು ನಮಸ್ಕಾರ ಹೇಳುವುದು ಹಾಗೆ. ದೂರದಲ್ಲಿ ಸಿಮೆಂಟು ಹೊತ್ತು ಹೋಗುತ್ತಿದ್ದ ಹಡಗೊಂದು, ತನಗೇ ಹೇಳಿದರೆಂದುಕೊಂಡು, ಮೂರು ಉದ್ದ ಎರಡು ಗಿಡ್ಡ ತಿರುಗಿ ಕೂಗಿತು.

ವರ್ಲೀನ್ ಚುಕ್ಕಾಣಿ ತಿರುಗಿಸಿದಳು. ಹಿಂದೆ ಬುತ್ತಿಗಳು ಬಿಚ್ಚಿಕೊಂಡವು, ಹೊಗೆಮೀನಿನ ವಾಸನೆ ಎದ್ದಿತು, ಏಣಿಯ ಮೇಲಿನ ಗೋಪುರಕ್ಕೆ ಸೊಂಟ ನೋವು ಹೇಗಿದೆ ಎಂದು ಗೇಲನ್‌ನನ್ನು ಯಾರೋ ಕೇಳಿದರು. ಕಲ್ಲುದೋಣಿಯ ತೇಲುಬುರುಡೆ ಪಕ್ಕಕ್ಕೆ ಬಂದಾಗ ಚೋಚಾ ವರ್ಲೀನಳ ತೋಳು ಎಳೆದಳು.

"ಏ ವರ್ಲೀನ್, ಇಲ್ಲೊಂಚೂರು ನಿಲ್ಸು."

"ಇಲ್ಲಿ ನಮ್ಮೋರು ಯಾರಿದ್ದಾರೆ ಅಂದ್ಯಲ್ಲ, ಚೋಚಾ?"

"ಯಾರೂ ಇಲ್ಲ. ಆದ್ರೂ ಇಷ್ಟು ವರ್ಷ ತಿಂದು ಅಭ್ಯಾಸ ಆಗಿರುತ್ತೆ ಪಾಪದ್ದಕ್ಕೆ." ಅವಳು ಪಕ್ಕದವನ ಬುತ್ತಿಯಿಂದ ಅವನು ಕಚ್ಚಬೇಕೆಂದಿದ್ದ ರೊಟ್ಟಿಯ ತುಂಡನ್ನು ಕಿತ್ತುಕೊಂಡು ನೀರಿಗೆ ಎಸೆದಳು. "ಮುಂದಿನ ವರ್ಷ ನೆನಪಿಡು, ಎರಡು ರೊಟ್ಟಿ."

"ಮುಂದಿನ ವರ್ಷ ಬರ್ತೀಯಾ?"

"ಹಾದಿ ಈಗ ತಾನೇ ಗೊತ್ತಾಗಿದೆ," ಎಂದಳು ಚೋಚಾ, "ಬರ್ದೆ ಇರ್ತೀನಾ?"

ಸಂಜೆ ಹೆಲೆನ್ ಧಕ್ಕೆಗೆ ಬಂದು ನಿಂತದ್ದು ಒಳಗೆ ಕೂತಿದ್ದ ಯಾರಿಗೂ ಗೊತ್ತಾಗಲಿಲ್ಲ.